ತಕ್ಕಡಿ ಸಾಹೇಬರ ಹಳದಿ ಬಾತು

ತಕ್ಕಡಿ ಸಾಹೇಬರಿಗೆ ಅನುಮಾನ ಹುಟ್ಟುಗುಣವೋ, ಕಸುಬಿನಿಂದ ಅಂಟಿದ್ದೋ, ದೇವರಿಗೇ ಗೊತ್ತು. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಅಲೆದು ತಕ್ಕಡಿಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಸರ್ಕಾರಿ ಮುದ್ರೆ ಒತ್ತಿ, ಇಲ್ಲದಿದ್ದರೆ ಎತ್ತಿಕೊಂಡು ಹೋದ ಮನುಷ್ಯ. ತಟ್ಟೆಯಡಿ ಅಂಟಿಸಿದ ಮೇಣ, ಒಳಗೆ ಟೊಳ್ಳು ಕೊರೆದ ತೂಕದ ಕಲ್ಲು, ಕಿರುಬೆರಳಲ್ಲಿ ಮೆಲ್ಲಗೆ ಒತ್ತುವ ಕೈಚಳಕ, ಯಾರ ಬೇಳೆಯೂ ಅವರ ಮುಂದೆ ಬೇಯುತ್ತಿರಲಿಲ್ಲ. ಗಿರಾಕಿಗೆ ಹೆಚ್ಚು ತೂಗುವ ತಕ್ಕಡಿಯನ್ನೂ ಬಿಡುತ್ತಿರಲಿಲ್ಲ ಈ ಮಹಾನುಭಾವ. “ಹೆಚ್ಚೇ ಕೊಡ್ತಿದೀನಲ್ಲ ಸಾಹೇಬ್ರೇ, ಯಾರಿಗೇನು ನಷ್ಟ?” ಎಂದು ಅಂಗಡಿಯವನು ಗೋಗರೆದರೆ, “ಯಾವ ಕಡೆ ವಾಲಿದ್ರೂ ಅದು ಸುಳ್ಳು ತಕ್ಕಡೀನೇ ಕಣಯ್ಯ” ಎನ್ನುತ್ತಿದ್ದರು.

ಅಂಥವರು ಈಗ ಮೂರು ತಿಂಗಳಿಂದ ಸ್ವಂತ ಮಗಳ ಮನೆಯಲ್ಲಿ ಕಳ್ಳನ ಹಾಗೆ ಬದುಕುತ್ತಿದ್ದರು. ಬಲಗೈ ನಡುಗತೊಡಗಿತ್ತು. ಕಾಫಿ ಲೋಟವನ್ನು ಅರ್ಧವೇ ತುಂಬಿಸಿಕೊಳ್ಳುವುದು, ಪೇಪರನ್ನು ಮೇಜಿನ ಮೇಲೆ ಹರಡಿಕೊಂಡೇ ಓದುವುದು, ಯಾರಾದರೂ ಎದುರು ಬಂದರೆ ಕೈಯನ್ನು ಜೇಬಿಗೆ ತುರುಕುವುದು. ಮಗಳು ಆಸ್ಪತ್ರೆಯಲ್ಲಿ ನರ್ಸು, ಇಂಥದ್ದನ್ನು ದಿನಾ ನೋಡುವವಳು. ಅವಳಿಗೆ ಗೊತ್ತಾದರೆ ಅವತ್ತೇ ಸ್ಕೂಟರ್ ಕೀಲಿ ಕೈಬಿಟ್ಟು ಹೋಗುತ್ತದೆ. ಸ್ಕೂಟರ್ ಹೋದರೆ ಬೆಳಿಗ್ಗೆ ಮೊಮ್ಮಗಳನ್ನು ಸ್ಕೂಲಿಗೆ ಬಿಡುವ ಆ ಕಾಲು ಗಂಟೆಯೂ ಹೋಗುತ್ತದೆ. ಎಂಟು ವರ್ಷದ ಆ ಹುಡುಗಿಯನ್ನು ಮನೆಯವರೆಲ್ಲ ಗುಬ್ಬಿ ಎನ್ನುತ್ತಿದ್ದರು. ಹಿಂದೆ ಕೂತು, ತಾತನ ಸೊಂಟ ಹಿಡಿದು, ದಾರಿಯುದ್ದಕ್ಕೂ ವಟಗುಟ್ಟುವಳು. ಸಾಹೇಬರಿಗೆ ದಿನವೆಂದರೆ ಅಷ್ಟೇ, ಮಿಕ್ಕಿದ್ದೆಲ್ಲ ಗೋಡೆ ನೋಡುವುದು.

ಹೋದ ತಿಂಗಳು ಔಷಧಿ ಅಂಗಡಿಯ ತಿರುವಿನಲ್ಲಿ ಹ್ಯಾಂಡಲ್ ಅಲುಗಾಡಿ ಇಬ್ಬರೂ ಬಿದ್ದಿದ್ದರು. ಗುಬ್ಬಿಯ ಮೊಣಕಾಲು ತರಚಿತ್ತು. “ನಾಯಿ ಅಡ್ಡ ಬಂತು” ಎಂದರು ಸಾಹೇಬರು. “ಹೌದಮ್ಮ, ಕಪ್ಪು ನಾಯಿ” ಎಂದಳು ಗುಬ್ಬಿ. ಸದ್ಯ, ನಿಜವಾಗಿಯೂ ಯಾವುದೋ ನಾಯಿ ಬಂದಿರಬೇಕು, ನನಗೇ ಕಾಣಲಿಲ್ಲವೇನೋ ಎಂದು ಸಾಹೇಬರು ಸಮಾಧಾನ ಮಾಡಿಕೊಂಡರು.

ಹೀಗಿರುವಾಗ ಒಂದು ಭಾನುವಾರ ಮಗಳು ಡಬ್ಬಿಯೊಂದನ್ನು ತಂದು ಟಿವಿಗೆ ಜೋಡಿಸಿದಳು.

“ಏನಮ್ಮಾ ಇದು?”

“ವಿಡಿಯೋ ಗೇಮ್ ಅಪ್ಪ. ಗುಬ್ಬಿ ನೋಡಿದ್ಲಲ್ಲ, ಬಾತುಕೋಳಿ ಮರಿಗಳ ಕಾರ್ಟೂನ್ ಸಿನಿಮಾ, ಅದರದ್ದೇ ಆಟ. ಇಬ್ಬರು ಆಡೋದು. ನೀವೂ ಕೂತ್ಕೊಳ್ಳಿ, ಹೊತ್ತೂ ಹೋಗುತ್ತೆ, ಕೈಗೂ ಒಳ್ಳೇದು.”

ಕೈಗೂ ಒಳ್ಳೇದಂತೆ! ಸಾಹೇಬರ ಕಿವಿ ನೆಟ್ಟಗಾಯಿತು. ಕೈಗೇನಾಗಿದೆ ಅಂತ ಒಳ್ಳೇದು? ಇದು ಆಟವಲ್ಲ, ಪರೀಕ್ಷೆ. ಯಾರೋ ಡಾಕ್ಟರು ಹೇಳಿಕೊಟ್ಟಿರಬೇಕು. ಡಬ್ಬಿಯನ್ನು ಹಿಂದುಮುಂದು ತಿರುಗಿಸಿ ಓದಿದರು. ಮನೆಮಂದಿಯೆಲ್ಲ ಕೂತು ಆಡಬಹುದು, ಹೊಡೆದಾಟವಿಲ್ಲ, ರಕ್ತವಿಲ್ಲ ಎಂದು ಬರೆದಿತ್ತು. ಇಷ್ಟು ಸಾಧುವಾಗಿರುವುದನ್ನು ಕಂಡು ಅವರ ಅನುಮಾನ ಇನ್ನಷ್ಟು ಬಲಿಯಿತು.

ಆಟ ಇಷ್ಟೇ: ಹೊಳೆಯಲ್ಲಿ ಎರಡು ಎಲೆದೋಣಿ, ಒಂದರಲ್ಲಿ ಬಿಳಿ ಮರಿ, ಇನ್ನೊಂದರಲ್ಲಿ ಹಳದಿ ಮರಿ. ದೋಣಿಗಳು ತಾವೇ ತೇಲುತ್ತವೆ. ರಿಮೋಟಿನ ಮೇಲಿನ ಪುಟ್ಟ ಹಿಡಿಯನ್ನು ಆಚೀಚೆ ತಿರುಗಿಸಿ ಬಂಡೆಗೆ ಬಡಿಯದಂತೆ ನೋಡಿಕೊಳ್ಳಬೇಕು. ಬಡಿದರೆ ಮರಿ ಮುಳುಗಿ, ಸೀನಿ, ಮೈ ಕೊಡವಿಕೊಂಡು ಮತ್ತೆ ದೋಣಿ ಹತ್ತುತ್ತದೆ.

“ಸಾಯೋದಿಲ್ವಾ?”

“ಇಲ್ಲ ತಾತ, ಪಾಪ, ಮರಿ ಅಲ್ವಾ?” ಎಂದಳು ಗುಬ್ಬಿ. ಪರದೆಯ ಮೇಲೆ ಅದೇನನ್ನೋ ಟಿಕ್ ಟಿಕ್ ಎಂದು ಒತ್ತಿ, ಹಳದಿ ಮರಿಯ ರಿಮೋಟನ್ನು ತಾತನ ಕೈಗಿಟ್ಟಳು.

ಮಗಳು ಎದುರಿಗೇ ತರಕಾರಿ ಹೆಚ್ಚುತ್ತಾ ಕೂತಿದ್ದಳು. ಮುಗೀತು ನನ್ನ ಕಥೆ ಎಂದುಕೊಂಡರು ಸಾಹೇಬರು. ಆದರೆ ಹಳದಿ ದೋಣಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ನವಿರಾಗಿ ಬಂಡೆಗಳ ನಡುವೆ ನುಸುಳಿ ಮೊದಲು ದಡ ಮುಟ್ಟಿತು. ಗುಬ್ಬಿಯ ಬಿಳಿ ಮರಿ ಎರಡು ಸಲ ಸೀನಿತು.

“ಅಬ್ಬಾ ಅಪ್ಪ! ನಿಮ್ಮ ಕೈ ಇನ್ನೂ ಗಟ್ಟಿಯಾಗಿದೆ ಬಿಡಿ!” ಎಂದಳು ಮಗಳು.

ಮೂರು ದಿನ ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ಸಂಜೆ ಗೆಲುವು. ನಾಲ್ಕನೆಯ ದಿನ ಆಟದ ನಡುವೆ ಕೆಮ್ಮು ಬಂದು ರಿಮೋಟ್ ಮಡಿಲಿಗೆ ಬಿತ್ತು. ಹಳದಿ ದೋಣಿ ಮಾತ್ರ ತಾನೇ ಓರೆಯಾಗಿ ಬಂಡೆ ತಪ್ಪಿಸಿಕೊಂಡು ಮುಂದಕ್ಕೆ ಹೋಯಿತು. ಸಾಹೇಬರು ರಿಮೋಟನ್ನು ಮತ್ತೆ ಕೈಗೆತ್ತಿಕೊಂಡರು. ತಲೆಯೊಳಗೆ ಹುಳ ಹೊಕ್ಕಿತ್ತು. ಲೋಟ ಹಿಡಿಯಲಾರದ ಕೈ ದೋಣಿ ನಡೆಸುವುದು ಹೇಗೆ?

ಸುಳ್ಳು ತಕ್ಕಡಿಯನ್ನು ಹಿಡಿಯಲು ಅವರ ತೂಕ-ಅಳತೆ ಇಲಾಖೆಯಲ್ಲಿ ಒಂದು ಸುಲಭದ ಕ್ರಮವಿತ್ತು. ಸಾಮಾನನ್ನೂ ಕಲ್ಲನ್ನೂ ತಟ್ಟೆಯಿಂದ ತಟ್ಟೆಗೆ ಅದಲುಬದಲು ಮಾಡುವುದು. ತಕ್ಕಡಿ ಸಾಚಾ ಆಗಿದ್ದರೆ ಹಾಗೂ ಸಮ, ಹೀಗೂ ಸಮ. ಮರುದಿನ ಸಂಜೆ, ಮಗಳು ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ, ಸಾಹೇಬರು ಹೇಳಿದರು: “ಗುಬ್ಬಿ, ಇವತ್ತು ಬಿಳಿ ಮರಿ ನಂಗೆ, ಹಳದಿ ನಿಂಗೆ.”

ಗುಬ್ಬಿಯ ಮುಖ ಸಪ್ಪಗಾಯಿತು. “ಬೇಡ ತಾತ, ಹಳದಿಗೆ ನೀನೇ ಅದೃಷ್ಟ.”

“ಕೊಡು ಇಲ್ಲಿ.”

ಬಿಳಿ ಮರಿ ಮೊದಲ ಬಂಡೆಗೇ ಬಡಿಯಿತು. ಎದ್ದಿತು, ಮತ್ತೆ ಬಡಿಯಿತು. ಹಳದಿ ಮರಿ ಒಂದು ಹನಿ ನೀರೂ ತಾಗದೆ ದಡ ಸೇರಿತು. ಸಾಹೇಬರು ಗುಬ್ಬಿಯ ಕೈಯಿಂದ ರಿಮೋಟ್ ತೆಗೆದು ಸ್ಟೂಲಿನ ಮೇಲಿಟ್ಟು, ಇನ್ನೊಂದು ಆಟ ಶುರು ಮಾಡಿ ಕೈಕಟ್ಟಿ ಕೂತರು. ಯಾರೂ ಮುಟ್ಟದ ಹಳದಿ ದೋಣಿ ಹೊಳೆಯುದ್ದಕ್ಕೂ ಸಲೀಸಾಗಿ ಹೋಯಿತು.

“ಮೋಸ!” ಎಂದು ಗದರಿದರು. “ಯಾರು ಮಾಡಿದ್ದು ಇದನ್ನ? ನಿಮ್ಮಮ್ಮನಾ?”

“ನಾನೇ.” ಗುಬ್ಬಿ ಕಾಲಿನ ಹೆಬ್ಬೆರಳು ನೋಡುತ್ತಾ ಹೇಳಿದಳು. “ಚಿಕ್ಕ ಮಕ್ಕಳಿಗೆ ಅಂತ ಸಹಾಯ ಇರುತ್ತೆ. ಅದನ್ನ ನಿಂಗೆ ಹಾಕಿದೆ. ನಿನ್ನ ಕೈ ನಡುಗುತ್ತಲ್ಲ ತಾತ. ಅಮ್ಮ ನೋಡಿದ್ರೆ ಸ್ಕೂಟರ್ ಕಿತ್ಕೋತಾಳೆ.”

“ನಿಂಗ್ಯಾವಾಗ ಗೊತ್ತಾಯ್ತು?”

“ಬಿದ್ದ ದಿನ.”

“ಮತ್ತೆ ನಾಯಿ?”

“ನಾಯಿ ಎಲ್ಲಿತ್ತು ತಾತ? ಕಪ್ಪು ಅಂತ ನಾನೇ ಸೇರಿಸಿದ್ದು. ಬಣ್ಣ ಹೇಳಿದ್ರೆ ಅಮ್ಮ ಬೇಗ ನಂಬ್ತಾಳೆ.” ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಹೆಮ್ಮೆಯೇ ಸಾಹೇಬರನ್ನು ಇರಿಯಿತು. ತಟ್ಟೆಯನ್ನು ಕಿರುಬೆರಳಲ್ಲಿ ಒತ್ತುವವರನ್ನು ಜೀವನವಿಡೀ ಹಿಡಿದವರು, ಮೊಮ್ಮಗಳಿಗೇ ಅದನ್ನು ಕಲಿಸಿಬಿಟ್ಟಿದ್ದರು. ಅದೂ ಮೊಣಕಾಲು ತರಚಿಸಿಕೊಂಡ ಮಗುವಿಗೆ! ಥೂ ನನ್ನ ಜನ್ಮಕ್ಕೆ ಎಂದು ತಮಗೇ ಬೈದುಕೊಂಡರು.

ಮಗಳು ಬಂದು ಚಪ್ಪಲಿ ಬಿಡುತ್ತಿದ್ದಂತೆ ಕರೆದು ಕೂರಿಸಿದರು. “ಗುಬ್ಬಿ, ಆ ಸಹಾಯ ತೆಗಿ.”

“ಬೇಡ ತಾತ!”

“ತೆಗಿ ಅಂದೆ.”

ಮಗಳೆದುರು ಆಡಿದರು. ಹಳದಿ ಮರಿ ಏಳು ಸಲ ಮುಳುಗಿ ಏಳು ಸಲ ಸೀನಿತು. ಮೊದಲೆರಡು ಸಲ ಮಗಳು ನಕ್ಕಳು. ಆಮೇಲೆ ಅವಳ ಕಣ್ಣು ಟಿವಿಯನ್ನು ಬಿಟ್ಟು ಅಪ್ಪನ ಕೈಯ ಮೇಲೆ ನಿಂತಿತು.

“ಮೂರು ತಿಂಗಳಾಯ್ತಮ್ಮ” ಎಂದರು ಸಾಹೇಬರು. “ಅವತ್ತು ನಾಯಿ ಗೀಯಿ ಏನೂ ಇರ್ಲಿಲ್ಲ. ಮಗೂನ ಬೈಬೇಡ, ಹೇಳಿಸಿದ್ದು ನಾನು.” ಜೇಬಿನಿಂದ ಸ್ಕೂಟರ್ ಕೀಲಿ ತೆಗೆದರು. ಅವಳ ಅಂಗೈ ಸೇರುವವರೆಗೂ ಅದು ಗಿಲಗಿಲ ಸದ್ದು ಮಾಡುತ್ತಲೇ ಇತ್ತು.

“ನಾಳೇನೇ ಡಾಕ್ಟರ ಹತ್ರ ಹೋಗೋಣ ಅಪ್ಪ” ಎಂದಳು ಮಗಳು, ಸಣ್ಣ ದನಿಯಲ್ಲಿ. ಗುಬ್ಬಿ ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಮುಕ್ಕಾಲು ಗಂಟೆ ಮುಂಚೆಯೇ ತಾತ, ಮೊಮ್ಮಗಳು ಸ್ಕೂಲಿಗೆ ನಡೆದು ಹೊರಟರು. ಗುಬ್ಬಿ ಮುಖ ಊದಿಸಿಕೊಂಡೇ ಇದ್ದಳು. ಔಷಧಿ ಅಂಗಡಿಯ ತಿರುವು ಬಂತು. ಅವಳು ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ತಾತನ ಎಡಗಡೆಯಿಂದ ಬಲಗಡೆಗೆ ಬಂದು, ತಾತನ ಬಲಗೈಯನ್ನೇ ಹಿಡಿದುಕೊಂಡಳು.

“ಹಿಡ್ಕೋ ಅಂತ ಅಮ್ಮ ಹೇಳಿಕೊಟ್ಟಳಾ?”

“ಇಲ್ಲ.”

ಸಾಹೇಬರು ಅವಳ ಮುಖವನ್ನು ಎರಡು ಸಲ ನೋಡಿದರು. ನಂಬಿದರು. ಅವಳ ಮುಷ್ಟಿಯೊಳಗೆ ಕೈ ನಡುಗುತ್ತಲೇ ಇತ್ತು, ಅದನ್ನು ಅವರು ಜೇಬಿಗೆ ಹಾಕಿಕೊಳ್ಳಲಿಲ್ಲ.