ಕಿವಿಯಲ್ಲಿ ಓಡುತ್ತಿದ್ದ ಕಾರು

ಹೊಸ ಕಾರುಗಳ ಬಗ್ಗೆ ನನ್ನನ್ನು ಕೇಳಬೇಡಿ. ಕೇಳಿದರೆ ಬೇಗ ನಿಲ್ಲಿಸುವವಳಲ್ಲ ನಾನು. ಎಲ್ಲವೂ ಒಂದೇ ಅಚ್ಚಿನಲ್ಲಿ ಹೊಯ್ದವು, ಎಲ್ಲದಕ್ಕೂ ಅದೇ ಬೆಳ್ಳಿ ಬಣ್ಣ. ಬಾನೆಟ್ಟಿನ ಮೇಲೆ ಕೈ ಊರಿದರೆ ಗುಳಿ ಬೀಳುತ್ತದೆ. ಹಾರ್ನ್ ಒತ್ತಿದರೆ ಕೋಳಿಮರಿ ಕೂಗಿದ ಹಾಗೆ. ಹಾಗಂತ ಹಳೆಯದನ್ನು ಹೊಗಳಿ ಅಟ್ಟಕ್ಕೇರಿಸುವುದೂ ನನ್ನಿಂದಾಗದು. ನಮ್ಮ ಅಂಬಾಸಿಡರಿನ ಬ್ರೇಕ್ ಹಿಡಿಯಬೇಕಾದರೆ ಹಿಂದಿನ ಸಿಗ್ನಲ್ಲಿಂದಲೇ ಒತ್ತಿಕೊಂಡು ಬರಬೇಕಿತ್ತು. ಮಳೆ ಬಂದರೆ ಕಾಲ ಬಳಿ ನೀರು. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ನನ್ನ ಬಲಭುಜ ಬಿದ್ದೇ ಹೋಗಿತ್ತು. ಆದರೂ ಆ ಕಾರು ಬಾಯಿ ಬಿಟ್ಟು ಮಾತಾಡುತ್ತಿತ್ತು. ನಮಗೆ ಆ ಮಾತು ಬೇಕಾಗಿತ್ತು, ಯಾಕೆಂದರೆ ನನ್ನ ಗಂಡನಿಗೆ ಕಣ್ಣು ಕಾಣುತ್ತಿರಲಿಲ್ಲ.

ಮೊದಲು ಚೆನ್ನಾಗಿಯೇ ಕಾಣುತ್ತಿತ್ತು. ಮದುವೆಯಾದ ಹೊಸತರಲ್ಲಿ ನನಗೆ ಕಾರು ಕಲಿಸಿದ್ದೇ ಅವರು, ಮಹಾಲಕ್ಷ್ಮಿ ಲೇಔಟಿನ ಆಗಿನ ಖಾಲಿ ರಸ್ತೆಗಳಲ್ಲಿ. ಸ್ಪೀಡೋಮೀಟರಿನ ಮೇಲೆ ಒಂದು ಕರ್ಚೀಫು ಹೊದಿಸಿಬಿಡುತ್ತಿದ್ದರು. "ಮುಳ್ಳು ನೋಡ್ಬೇಡ, ಇಂಜಿನ್ ಏನಂತಿದೆ ಕೇಳು. ಗೊಣಗಿದ್ರೆ ಗೇರ್ ಇಳಿಸು, ಕಿರುಚಿದ್ರೆ ಏರಿಸು. ಅಷ್ಟೇ ಕಣೇ ವಿದ್ಯೆ." ನೀವು ಕಿರುಚೋದು ನಿಲ್ಲಿಸಿದ್ರೆ ಇಂಜಿನ್ನಿದು ಕೇಳ್ಸುತ್ತೆ ಎಂದು ನಾನೂ ಬಿಡುತ್ತಿರಲಿಲ್ಲ. ಜಗಳವಾಡುತ್ತಲೇ ಕಲಿತೆ, ಕಲಿತ ಮೇಲೆ ಹುಚ್ಚು ಹಿಡಿಯಿತು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಅಂಬಾಸಿಡರ್ ಓಡಿಸುವ ಹೆಂಗಸು ನಾನೊಬ್ಬಳೇ ಎಂಬ ಜಂಬ ಬೇರೆ.

ಐವತ್ತು ದಾಟಿದ ಮೇಲೆ ಒಂದು ದಿನ ಅವರು ಎಡಗಡೆ ಬಾಗಿಲನ್ನು ನಮ್ಮದೇ ಗೇಟಿನ ಕಂಬಕ್ಕೆ ಉಜ್ಜಿದರು. ಇನ್ನೊಂದು ದಿನ ಸ್ಕೂಟರಿನವನೊಬ್ಬ ಸ್ವಲ್ಪದರಲ್ಲಿ ಉಳಿದುಕೊಂಡ. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯಿಂದ ಹೊರಗೆ ಬಂದವರು ಕೀ ನನ್ನ ಕೈಗಿಟ್ಟು, ಕಾರಿನ ಸುತ್ತ ಬಂದು ಎಡಗಡೆ ಸೀಟಿನಲ್ಲಿ ಕೂತರು. ಕೆಲವು ವರ್ಷಗಳಲ್ಲಿ ಪೂರ್ತಿ ಕತ್ತಲಾಯಿತು.

ಭಾನುವಾರ ಬೆಳಿಗ್ಗೆ ಕೆಂಗೇರಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವುದು ನಮ್ಮ ರೂಢಿ. ಅದನ್ನು ಬಿಡಲಿಲ್ಲ. ಸ್ಟೇರಿಂಗ್ ನನ್ನದು, ಕಿವಿ ಅವರದು. "ಥರ್ಡಿಗೆ ಬಾ." "ಕ್ಲಚ್ ಮೇಲಿಂದ ಕಾಲು ತೆಗಿ, ಸುಟ್ಟುಹೋಗುತ್ತೆ." ಇಂಜಿನ್ನಿನ ದನಿ ಒಂದು ಎಳೆ ಬದಲಾದರೆ ಸಾಕು, ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ವಿಜಯನಗರ ದಾಟಿ ದೀಪಾಂಜಲಿ ನಗರದ ಹತ್ತಿರ ಮೈಸೂರು ರಸ್ತೆಗೆ ತಿರುಗುವ ಹೊತ್ತಿಗೆ ನನಗೆ ರೇಗಿಹೋಗಿರುತ್ತಿತ್ತು.

"ಗಾಡಿ ಓಡಿಸ್ತಿರೋದು ನೀವೋ ನಾನೋ?"

"ಇಬ್ರೂ" ಎನ್ನುತ್ತಿದ್ದರು.

ಅಷ್ಟರಲ್ಲಿ ಊರಿನ ಕೊಳಚೆಯೆಲ್ಲ ಹೊತ್ತು ಹರಿಯುವ ವೃಷಭಾವತಿ ನದಿಯ ನಾತ ಬರುತ್ತಿತ್ತು. ನಾನು ಮೂಗಿಗೆ ಸೆರಗು ಹಿಡಿದರೆ ಅವರು ಎದೆತುಂಬ ಎಳೆದುಕೊಂಡು, ನಾಯಂಡಹಳ್ಳಿ ಬಂತು ಎಂದು ಖುಷಿಪಡುತ್ತಿದ್ದರು. ಆ ನಾತಕ್ಕೆ ಖುಷಿಪಟ್ಟವರನ್ನು ಬೆಂಗಳೂರಿನಲ್ಲಿ ನಾನು ಬೇರೆ ಕಂಡಿಲ್ಲ.

ನನ್ನ ಭುಜ ಮೇಲೆತ್ತಲಾರದಷ್ಟು ಹದಗೆಟ್ಟಾಗ ಕಾರು ಬದಲಾಯಿಸೋಣ ಎಂದವರು ಅವರೇ. ನಾನು ಬೇಡವೆಂದೆ. "ತೋಳು ಹಾಳು ಮಾಡ್ಕೊಂಡು ನನ್ನ ತಿರುಗಿಸ್ಬೇಡ ನೀನು. ಪವರ್ ಸ್ಟೇರಿಂಗ್ ಇರೋದು ತಗೊಳ್ಳೋಣ" ಎಂದು ಹಟ ಹಿಡಿದರು. ಸುಂಕದಕಟ್ಟೆಯ ಗ್ಯಾರೇಜಿನವನು ಬಂದು ಅಂಬಾಸಿಡರನ್ನು ಓಡಿಸಿಕೊಂಡು ಹೋದ. ಇವರು ಗೇಟು ಹಿಡಿದು ನಿಂತಿದ್ದರು. ಬೀದಿಯ ಕೊನೆಯಲ್ಲಿ ಇಂಜಿನ್ ಅರಚಿತು. "ಸೆಕೆಂಡಲ್ಲೇ ಎಳೀತಿದಾನಲ್ಲೇ! ಥರ್ಡಿಗೆ ಹಾಕಪ್ಪಾ!" ಎಂದು ಕೂಗಿದರು. ಅವನಿಗೆಲ್ಲಿ ಕೇಳಬೇಕು.

ಹೊಸ ಕಾರು ಬಂದ ದಿನ ದೇವಸ್ಥಾನದ ಮುಂದೆ ಪೂಜೆ ಮಾಡಿಸಿದೆವು. ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟರು, ನಾನು ದೇವರನ್ನು ನೆನೆದು ಗಾಡಿ ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ನನಗೆ ಆ ಕಾರು ಕೈಗೆ ಸಿಕ್ಕ ಕೂಡಲೇ ಹಿಡಿಸಿಬಿಟ್ಟಿತು. ಒಂದು ಬೆರಳಿಗೆ ಸ್ಟೇರಿಂಗ್ ತಿರುಗುತ್ತದೆ, ಭುಜಕ್ಕೆ ಗೊತ್ತೇ ಆಗುವುದಿಲ್ಲ. ಹತ್ತು ಮಾರು ಮುಂದೆ ಹೋಗಿರಬೇಕು, ಇವರು ಕೇಳಿದರು.

"ನಿಂಬೆಹಣ್ಣಿನ ಮೇಲೆ ಯಾವಾಗ ಹತ್ತಿಸ್ತೀಯ?"

"ಆಗ್ಲೇ ಆಯ್ತಲ್ಲ ರೀ."

"ಹೌದಾ? ಕೇಳಿಸ್ಲೇ ಇಲ್ಲ."

ಆ ಭಾನುವಾರ ಎಂದಿನಂತೆ ಹೊರಟೆವು. ಅವರು ಬೇರೆಯವರ ಮನೆಗೆ ಬಂದವರ ಹಾಗೆ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಗೇರ್ ಬಗ್ಗೆ ಒಂದು ಮಾತಿಲ್ಲ, ಬೈಗುಳವಿಲ್ಲ. ಎ.ಸಿ. ಆರಿಸಿ ಕಿಟಕಿಗಳನ್ನೆಲ್ಲಾ ಇಳಿಸಿದೆ. ರಸ್ತೆಯಲ್ಲಿದ್ದ ಬೇರೆ ಗಾಡಿಗಳ ಸದ್ದೆಲ್ಲ ಒಳಗೆ ನುಗ್ಗಿತು, ನಮ್ಮ ಗಾಡಿಯದು ಮಾತ್ರ ಅದರಲ್ಲಿ ಇರಲಿಲ್ಲ. ನಾನು ಬೇಕೆಂದೇ ಸೆಕೆಂಡಿನಲ್ಲಿ ಎಳೆದೆ, ಬಯ್ಯಲಿ ಎಂದು. ಅವರು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಈಗ ಯಾವ ಗೇರಲ್ಲಿದೀಯ?" ಎಂದರು.

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವರು ನನ್ನನ್ನು ಕೇಳಿರಲೇ ಇಲ್ಲ.  ಥರ್ಡ್ ಎಂದು ಸುಳ್ಳು ಹೇಳಿದೆ. ಹೂಂ, ಸರಿ ಎಂದರು. ಇಡ್ಲಿ ತಿನ್ನುವಾಗ, ಗಾಡಿ ತುಂಬಾ ಚೆನ್ನಾಗಿದೆ ಎಂದು ತಾವಾಗಿಯೇ ಹೇಳಿದರು.

ಮುಂದಿನ ಭಾನುವಾರ ಕೀ ಹಿಡಿದುಕೊಂಡು ಕರೆದೆ. ವರಾಂಡದ ಕುರ್ಚಿಯಿಂದ ಅವರು ಏಳಲಿಲ್ಲ.

"ನೀನು ಹೋಗ್ಬಾ. ನಂಗೊಂದು ಪ್ಲೇಟ್ ಕಟ್ಟಿಸ್ಕೊಂಡ್ಬಾ."

"ಯಾಕ್ರೀ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಆ ಗಾಡೀಲಿ ನಾನೂ ನಿನ್ ಜೊತೆ ಓಡಿಸ್ತಿದ್ದೆ. ಇದ್ರಲ್ಲಿ ಬರೀ ಕೂತಿರ್ಬೇಕು. ಕೂರೋಕೆ ಕೆಂಗೇರಿವರೆಗೂ ಯಾಕೆ ಬರ್ಲಿ ಹೇಳು."

ಅವರಿಗೆ ಕಣ್ಣು ಹೋದಾಗ ನಾನು ಅತ್ತಿರಲಿಲ್ಲ, ಆಸ್ಪತ್ರೆಯ ಓಡಾಟವೇ ಅಷ್ಟಿತ್ತು. ಅವತ್ತು ಅಡುಗೆಮನೆಗೆ ಹೋಗಿ, ಅವರಿಗೆ ಕೇಳಿಸದಿರಲಿ ಎಂದು ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.