ಆಂಟಿಗೊಂದು ಜೊತೆ ಬೂಟು

ನನ್ನ ಪಾದದ ಅಳತೆ ಮೂವತ್ತೆಂಟು. ನನ್ನ ಸೈಕಲ್ ಬೂಟಿನೊಳಗೆ ನಲವತ್ತು ಎಂದು ಅಚ್ಚಾಗಿದೆ. ಕಾಲು ಉಜ್ಜಿ ಉಜ್ಜಿ ಸೊನ್ನೆ ಅರ್ಧ ಅಳಿಸಿಹೋಗಿರುವುದರಿಂದ ಅದನ್ನು ಓದಲು ಬೂಟನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಹೋದ ತಿಂಗಳು ಒಂದು ಭಾನುವಾರ ನಾನು ಹಾಗೆ ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದೆ. ಫೋನಿನ ಆ ಕಡೆ ವಿಮಲಾ ಆಂಟಿ ಕಾಯುತ್ತಿದ್ದರು.

“ಸಿಕ್ತಾ? ಯಾವ ಸೈಜು, ಯಾವ ಥರದ್ದು, ಎಲ್ಲ ಹೇಳು. ನಾನೂ ಅದನ್ನೇ ಆರ್ಡರ್ ಮಾಡ್ತೀನಿ.”

“ಯಾರಿಗೆ ಆಂಟಿ?”

“ಯಾರಿಗೆ ಅಂದ್ರೆ? ನಂಗೇ ಕಣೇ. ಸೈಕಲ್ ತಗೊಂಡಿದೀನಿ!”

ವಿಮಲಾ ಆಂಟಿಗೆ ಅರವತ್ತು ದಾಟಿದೆ. ಅಮೆರಿಕದ ವರ್ಜೀನಿಯಾದಲ್ಲಿ, ರೆಸ್ಟನ್ ಎಂಬ ಊರಿನಲ್ಲಿದ್ದ ಅವರ ಮನೆಯ ಮೇಲಿನ ಕೋಣೆಯಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಆಮೇಲೆ ಅವರು ಮತ್ತು ಅವರ ಯಜಮಾನರು ಪ್ರಕಾಶ್ ಅಂಕಲ್ ಆ ಮನೆ ಮಾರಿ, ಮಗಳಿಗೆ ಹತ್ತಿರವಾಗಲೆಂದು ಜಾರ್ಜಿಯಾದ ಜಾನ್ಸ್ ಕ್ರೀಕಿಗೆ ಹೋದರು. ನಾನು ಇಲ್ಲೇ ಒಂದು ಸಣ್ಣ ಅಪಾರ್ಟ್‌ಮೆಂಟ್ ಹಿಡಿದೆ. ಆಂಟಿ ಅಲ್ಲಿ ಒಂದು ಡೇ ಕೇರಿನಲ್ಲಿ ಕೆಲಸ ಮಾಡುತ್ತಾರೆ. ಮನೆಯಿಂದ ಸೈಕಲ್ಲಿನಲ್ಲಿ ನಿಧಾನಕ್ಕೆ ಹೋದರೂ ಅರ್ಧ ಗಂಟೆ ಹಿಡಿಯದ ದೂರ. ಅಂಕಲ್ ಈ ಬೇಸಿಗೆಯಲ್ಲಿ ನಿವೃತ್ತರಾದರು. ತೊಂದರೆ ಶುರುವಾದದ್ದು ಅಲ್ಲಿಂದಲೇ.

“ರಿಟೈರ್ ಆದ್ಮೇಲೆ ಎರಡು ಕಾರ್ ಯಾಕೆ ಅಂತ ನನ್ನ ಕಾರ್ ಮಾರಿಸ್ಬಿಟ್ರು. ಈಗ ದಿನಾ ಅವರೇ ಡ್ರಾಪು, ಅವರೇ ಪಿಕಪ್ಪು. ದಾರಿ ಪೂರ್ತಿ ಕೇಳೋದೇ. ಮಕ್ಕಳಿಗೆ ಏನು ಸ್ನ್ಯಾಕ್ ಕೊಟ್ರಿ, ನಿಮ್ಮ ಡೈರೆಕ್ಟರ್ ಯಾಕೆ ಹಾಗಂದ್ಲು, ನೀನ್ಯಾಕೆ ಹೀಗನ್ನಲಿಲ್ಲ...” ಆಂಟಿ ದನಿ ತಗ್ಗಿಸಿದರು. ಅಂಕಲ್ ಪಕ್ಕದ ಕೋಣೆಯಲ್ಲಿ ಇದ್ದಿರಬೇಕು. “ಬೆಳಿಗ್ಗೆ ಒಂದು ಅರ್ಧ ಗಂಟೆ ನನ್ನನ್ನ ಯಾರೂ ಏನೂ ಕೇಳಬಾರದು. ಅಷ್ಟೇ ಕಣೇ ನಂಗೆ ಬೇಕಾಗಿರೋದು.”

ಜಾರ್ಜಿಯಾದ ಚಳಿ ನಮ್ಮ ವರ್ಜೀನಿಯಾದ ಚಳಿಯ ಮುಂದೆ ತೀರ ಸಾಧು. ಆದರೂ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಹಿಮ ಕೂರುವಷ್ಟು ಇರುತ್ತದೆ.

“ಮೊದಲನೇ ದಿನವೇ ಕಾಲು ಕೊರೆದು ವಾಪಸ್ ಬಂದೆ ಅಂದ್ಕೋ, ಮುಗೀತು. ‘ನಾನು ಹೇಳಲಿಲ್ವಾ’ ಅಂತಾರೆ. ಆಮೇಲೆ ಸಾಯೋತನಕ ಆ ಕಾರಲ್ಲೇ ನಾನು.”

ನಾನು ನಗಲಿಲ್ಲ. ಆ ಕಾರು ನನಗೂ ಗೊತ್ತಿತ್ತು.

ಕೋವಿಡ್ ಕಳೆದು ಆಫೀಸು ಎಲ್ಲರನ್ನೂ ವಾಪಸ್ ಕರೆದ ವರ್ಷ ನಾನು ಸೈಕಲ್ ಕೊಂಡೆ. ಹಿಂದೊಮ್ಮೆ ರೈಲು ಓಡುತ್ತಿದ್ದ ಹಳಿಯ ಜಾಗದಲ್ಲಿ ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಡಾಂಬರಿನ ದಾರಿ ಮಾಡಿದ್ದಾರೆ. ಅದು ನನ್ನ ಆಫೀಸಿನ ಹಿಂಬದಿಗೇ ಮುಟ್ಟಿಸುತ್ತದೆ. ಯಾಕೆ ಸೈಕಲ್ ಎಂದು ಕೇಳಿದವರಿಗೆಲ್ಲ ವ್ಯಾಯಾಮ ಎಂದು ಹೇಳುತ್ತಿದ್ದೆ. ನಿಜವಾದ ಕಾರಣ ಹೇಳಲು ಸ್ವಲ್ಪ ಸಂಕೋಚವಾಗುತ್ತಿತ್ತು. ಮನೆಯಲ್ಲಿ ಅಂಕಲ್, ಆಂಟಿ. ಆಫೀಸಿನಲ್ಲಿ ಒಂದರ ಹಿಂದೊಂದು ಮೀಟಿಂಗು. ಸಂಜೆ ಮೈಸೂರಿನಿಂದ ಅಮ್ಮನ ಫೋನು. ಎಲ್ಲರೂ ಒಳ್ಳೆಯವರೇ. ಆದರೆ ದಿನದಲ್ಲಿ ಉತ್ತರ ಕೊಡಬೇಕಾಗಿಲ್ಲದ ಹೊತ್ತೆಂದರೆ ಆ ದಾರಿಯ ಮೇಲಿನದ್ದು ಮಾತ್ರ. ನಿಮಗೂ ಅಂಥದೊಂದು ಹೊತ್ತು ಇದ್ದೀತು. ಕೆಲವರು ಅದನ್ನು ಬಚ್ಚಲುಮನೆಯಲ್ಲಿ ಕಂಡುಕೊಳ್ಳುತ್ತಾರೆ, ಕೆಲವರು ದೇವರ ಕೋಣೆಯಲ್ಲಿ.

ಪ್ರಕಾಶ್ ಅಂಕಲ್ ಅವರ ಆಫೀಸು ನನ್ನ ಆಫೀಸಿಗಿಂತ ಸ್ವಲ್ಪ ಮುಂದೆ ಇತ್ತು. ಮಳೆ ಹಿಡಿದ ಒಂದು ವಾರ ನಾನು ಅವರ ಕಾರಿನಲ್ಲಿ ಹೋಗಿದ್ದೆ. ಅಂಕಲ್ ಪ್ರಶ್ನೆಗಳನ್ನು ಕೆಂಪು ದೀಪಕ್ಕೆ ಇಟ್ಟುಕೊಳ್ಳುತ್ತಿದ್ದರು. “ಎಚ್-ಒನ್ ವೀಸಾ ಎಕ್ಸ್‌ಟೆನ್ಶನ್‌ಗೆ ಅಪ್ಲೈ ಮಾಡಿದ್ಯಾ?” ಒಂದು ಸಿಗ್ನಲ್. “ನಿಮ್ಮ ಮ್ಯಾನೇಜರ್ ದೇಸೀನಾ, ಅಮೆರಿಕನ್ನಾ?” ಇನ್ನೊಂದು. “ಮನೇಲಿ ಹುಡುಗನ್ನ ನೋಡ್ತಿದಾರಾ, ಇಲ್ಲಾ ನೀನೇ ನೋಡ್ಕೊಂಡಿದೀಯಾ? ಹೇಳಮ್ಮಾ, ನಾನೇನು ಯಾರಿಗೂ ಹೇಳಲ್ಲ.” ದೀಪ ಹಸಿರಾಗುವಷ್ಟರಲ್ಲಿ ನಾನು ಉತ್ತರ ಹೊಂದಿಸಿಕೊಂಡಿರದಿದ್ದರೆ ಅದನ್ನೂ ಅವರೇ ಕೊಡುತ್ತಿದ್ದರು. ಆ ವಾರ ನನ್ನ ಬಗ್ಗೆ ಅಂಕಲ್ ಕೊಟ್ಟ ಉತ್ತರಗಳು ನನ್ನ ಬದುಕಿಗಿಂತ ಅಚ್ಚುಕಟ್ಟಾಗಿದ್ದವು.

ಡಿಸೆಂಬರಿಗೆ ನನ್ನ ಕಾಲ್ಬೆರಳುಗಳು ತಕರಾರು ತೆಗೆದವು. ಸೈಕಲ್ ತುಳಿಯುವಾಗ ಅವು ಬೆಳ್ಳಗಾಗಿ ಇದ್ದೂ ಇಲ್ಲದಂತೆ ಆಗುತ್ತಿದ್ದವು. ಆಫೀಸಿನ ಬಿಸುಪಿಗೆ ಬಂದ ಮೇಲೆ ಕೆಂಪಗೆ ಊದಿ, ಮೀಟಿಂಗಿನ ನಡುವೆ ಮೇಜಿನ ಕೆಳಗೆ ಶೂ ಕಳಚಿ ತುರಿಸಿಕೊಳ್ಳುವಂತಾಗುತ್ತಿತ್ತು. ಡಾಕ್ಟರು ನೋಡಿ, ಇದೇ ಮುಂದುವರಿದರೆ ಚರ್ಮ ಒಡೆಯುತ್ತದೆ, ಕಾಲು ಬೆಚ್ಚಗಿಡುವುದಕ್ಕೆ ಆಗದಿದ್ದರೆ ಈ ಚಳಿಗಾಲಕ್ಕೆ ಸೈಕಲ್ ನಿಲ್ಲಿಸಿ ಎಂದರು. ನಿಲ್ಲಿಸಿದರೆ ಮಾರ್ಚಿನವರೆಗೆ ಕೆಂಪು ದೀಪಗಳು.

ನಾನು ಓದಿಕೊಂಡವಳು, ಬೂಟನ್ನೂ ಓದಿಯೇ ಆರಿಸಹೊರಟೆ. ಓದಿದ್ದು ತೀರ ಸರಳವಾಗಿತ್ತು. ಬೂಟು ಕಣಕಾಲನ್ನು ಮುಚ್ಚಬೇಕು, ಗಾಳಿ ನೀರು ಬಿಡಬಾರದು. ಪೆಡಲ್ಲಿಗೆ ಸಿಕ್ಕಿಸುವ ಲೋಹದ ತುಂಡು ಅಡಿಯಲ್ಲಿದ್ದರೆ ಅದರ ಮೂಲಕವೇ ತಣುಪು ಏರುತ್ತದೆ, ಆದ್ದರಿಂದ ದಿನಾ ಓಡಾಡುವವರಿಗೆ ಚಪ್ಪಟೆ ಅಡಿಯದ್ದೇ ಮೇಲು. ಇಷ್ಟನ್ನೂ ಪಾಲಿಸಿ, ಕಾಲಿಗೆ ಹೇಳಿ ಮಾಡಿಸಿದಂಥ ಮೂವತ್ತೆಂಟರ ಒಂದು ಜೊತೆ ತಂದೆ. ಒಳಗೆ ಎರಡು ಜೊತೆ ಉಣ್ಣೆಯ ಸಾಕ್ಸು ಹಾಕಿಕೊಂಡೆ. ಬೆರಳುಗಳು ಮೊದಲಿಗಿಂತ ಬೇಗ ಬೆಳ್ಳಗಾದವು.

ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆಚ್ಚಗಿನ ಗಾಳಿ ನಿಲ್ಲುವುದಕ್ಕೆ ಒಳಗೆ ಜಾಗವಿರುವುದಿಲ್ಲ. ಅಷ್ಟನ್ನೂ ನಾನು ಓದಿದ್ದೆ. ಓದಿಯೂ ಮೂವತ್ತೆಂಟನ್ನೇ ತಂದದ್ದಕ್ಕೆ ಬೇರೆ ಹಿನ್ನೆಲೆಯಿದೆ. ಮೈಸೂರಿನಲ್ಲಿ ಪ್ರತಿ ಜೂನ್ ತಿಂಗಳು ಶಾಲೆಯ ಶೂ ಕೊಳ್ಳುವಾಗ ಅಮ್ಮ ಅಂಗಡಿಯಲ್ಲಿ ಮಂಡಿಯೂರಿ ಕೂತು, ಶೂವಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ, “ಇನ್ನೊಂದು ಸೈಜ್ ದೊಡ್ಡದು ಕೊಡಿ, ಬೆಳೆಯೋ ಕಾಲು” ಎನ್ನುತ್ತಿದ್ದಳು. ತುದಿಗೆ ಹತ್ತಿ ತುರುಕಿ, ಪಟಪಟ ಎಂದು ಸದ್ದು ಮಾಡಿಕೊಂಡು ನಾನು ಪ್ರಾರ್ಥನೆಯ ಸಾಲಿಗೆ ಹೋಗುತ್ತಿದ್ದೆ. ಶೂ ಸರಿಹೊಂದುವ ಹೊತ್ತಿಗೆ ಹರಿದಿರುತ್ತಿತ್ತು. ಮೊದಲ ಸಂಬಳದಲ್ಲಿ ನಾನು ಕೊಂಡದ್ದು ಒಂದು ಕೂದಲೆಳೆಯಷ್ಟೂ ದೊಡ್ಡದಲ್ಲದ ಶೂ. ಅಂಥವಳು ದುಡ್ಡು ಕೊಟ್ಟು ದೊಡ್ಡ ಬೂಟು ತರುವುದೆಂದರೆ ಹತ್ತಿ ತುರುಕಿದ ಕಾಲಕ್ಕೆ ಮರಳಿದಂತೆಯೇ. ಕೊನೆಗೆ ಬೆರಳುಗಳೇ ಗೆದ್ದವು. ಮೂವತ್ತೆಂಟನ್ನು ಹಿಂತಿರುಗಿಸಿ ನಲವತ್ತು ತಂದೆ.

ಆದರೂ ಚಳಿ ಹೋಗಲಿಲ್ಲ. ದಪ್ಪ ಸಾಕ್ಸು, ದೊಡ್ಡ ಬೂಟು, ಒಳಗೆಲ್ಲ ಮೆತ್ತೆ. ಹೊರಟ ಗಳಿಗೆಯಿಂದಲೇ ಕಾಲು ತಣ್ಣಗೆ. ಇದೇ ಬೂಟು ಹಾಕಿಕೊಂಡು ಇಲ್ಲಿಗಿಂತ ಎಷ್ಟೋ ಹೆಚ್ಚು ಹಿಮ ಬೀಳುವ ಊರುಗಳಲ್ಲಿ ಓಡಾಡುವವರು ಬೆಚ್ಚಗಿದ್ದೇವೆ ಎಂದು ಬರೆದಿದ್ದರು. ನನ್ನ ದೇಹದಲ್ಲೇ ಏನೋ ದೋಷವಿದೆಯೆಂದು ನಾನು ನಿರ್ಧರಿಸಿ, ಶುಕ್ರವಾರ ಸಂಜೆ ಊಟದ ಮೇಜಿನಲ್ಲಿ, ಸೋಮವಾರದಿಂದ ಕಾರಿನಲ್ಲಿ ಬರುತ್ತೇನೆ ಎಂದು ಅಂಕಲ್‌ಗೆ ಹೇಳಿದೆ.

“ಬಾಮ್ಮಾ ಬಾ! ನಂಗೂ ಕಂಪನಿ ಆಯ್ತು,” ಅಂದರು ಅಂಕಲ್. ಆಂಟಿ ನನ್ನ ಮುಖ ನೋಡಿದರು, ಸಾರು ಬಡಿಸಿದರು.

ಆ ಮನೆಯಲ್ಲಿ ಪಾದರಕ್ಷೆ ಎಂಬುದು ಕಾರು ನಿಲ್ಲಿಸುವ ಗರಾಜಿನಿಂದ ಒಳಗೆ ಬರುತ್ತಿರಲಿಲ್ಲ. ಚಪ್ಪಲಿ, ಶೂ, ನೆಂಟರ ಹೈ ಹೀಲ್ಸು, ಎಲ್ಲಕ್ಕೂ ಗರಾಜಿನ ಗೋಡೆಗೊರಗಿದ ಸ್ಟ್ಯಾಂಡೇ ಕೊನೆಯ ನಿಲ್ದಾಣ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಮನೆಯಲ್ಲೂ ಚಪ್ಪಲಿ ಹೊಸಿಲು ದಾಟಿದ್ದನ್ನು ನಾನು ಕಂಡಿಲ್ಲ. ಮೈಸೂರಿನಲ್ಲಿ ಹೊರಗೆ ಬಿಟ್ಟ ಚಪ್ಪಲಿಗೆ ಬರುವ ಅಪಾಯವೆಂದರೆ ನಾಯಿ ಕಚ್ಚಿಕೊಂಡು ಹೋಗುವುದು, ಅಷ್ಟೆ.

ಶನಿವಾರ ಬೆಳಿಗ್ಗೆ ಆಂಟಿ ಗರಾಜು ಗುಡಿಸುತ್ತಿದ್ದರು. ನಾನು ವಾಷಿಂಗ್ ಮೆಷಿನ್ನಿಗೆ ಬಟ್ಟೆ ಹಾಕುತ್ತಿದ್ದೆ. ನಡುವಿನ ಬಾಗಿಲು ತೆರೆದಿತ್ತು. ಸ್ಟ್ಯಾಂಡಿನ ಕೆಳಗೆ ಗುಡಿಸಲು ಅವರು ನನ್ನ ಬೂಟನ್ನು ಎರಡು ಬೆರಳಲ್ಲಿ ಎತ್ತಿದರು. ಆಮೇಲೆ ಏನನ್ನಿಸಿತೋ, ಒಳಗೆ ಕೈಹಾಕಿದರು.

“ಅಯ್ಯೋ! ಫ್ರೀಜರಿಂದ ತೆಗೆದ ಬಟಾಣಿ ಪ್ಯಾಕೆಟ್ ಥರ ಇದೆಯಲ್ಲೇ ಇದು! ಇದನ್ನ ದಿನಾ ಕಾಲಿಗೆ ಹಾಕ್ಕೋತೀಯಾ?”

ನಾನೂ ಕೈಹಾಕಿ ನೋಡಿದೆ. ಬಿಸಿಯನ್ನು ಹಿಡಿದಿಡಬೇಕಾದ ಮೆತ್ತೆ ಹೀಟರಿಲ್ಲದ ಗರಾಜಿನಲ್ಲಿ ರಾತ್ರಿಯ ಚಳಿಯನ್ನು ಅಷ್ಟೇ ನಿಷ್ಠೆಯಿಂದ ಹಿಡಿದಿಟ್ಟುಕೊಂಡಿತ್ತು. ಬೂಟಿನ ಬಗ್ಗೆ ಬರೆದ ಆ ಜನರೆಲ್ಲ ರಾತ್ರಿ ಬೂಟನ್ನು ಮನೆಯೊಳಗೆ ಬಿಚ್ಚುವವರು. ಅದನ್ನು ಬರೆಯಬೇಕೆಂದು ಯಾರಿಗೆ ತಾನೆ ಹೊಳೆಯುತ್ತದೆ?

ಆಂಟಿ ಪೊರಕೆಯನ್ನು ಗೋಡೆಗೊರಗಿಸಿದರು. ಬಳಿಕ ಬೂಟಿನ ಅಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು, ಇನ್ನೊಮ್ಮೆ ಒರೆಸಿದರು, ಅಂಗಡಿಯ ಜಾಹೀರಾತಿನ ಹಾಳೆಗಳನ್ನು ನಡುಮನೆಯಲ್ಲಿ ಬಿಸಿಗಾಳಿ ಬರುವ ಜಾಲರಿಯ ಪಕ್ಕ ಹಾಸಿ, ಅದರ ಮೇಲೆ ಎರಡೂ ಬೂಟುಗಳನ್ನು ಇಟ್ಟರು. ಸೋಫಾದಿಂದ ಅಂಕಲ್ ಕತ್ತೆತ್ತಿದರು.

“ಏನೇ ಇದು, ಶೂಸ್ ಒಳಗೆ?”

“ಹೂಂ. ಮಾರ್ಚ್‌ವರೆಗೂ ಇಲ್ಲೇ.”

“ಹಾಗಾದ್ರೆ ನನ್ನ ಶೂಸ್?”

“ನಿಮ್ಮ ಕಾರಲ್ಲಿ ಹೀಟರ್ ಇಲ್ವಾ? ಗರಾಜಲ್ಲೇ ಇರ್ಲಿ.”

ನನಗೆ ಕಸಿವಿಸಿಯಾಯಿತು. “ಬೇಡ ಆಂಟಿ, ನಿಮಗೆ ಇಷ್ಟ ಆಗಲ್ಲ. ನಾನು ಅಂಕಲ್ ಜೊತೆ ಹೋಗ್ತೀನಿ,” ಎಂದು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದೆ.

ಆಂಟಿ ಕೈ ತೊಳೆಯುತ್ತಿದ್ದರು. ತಿರುಗಿ ನೋಡಲಿಲ್ಲ. “ಸುಮ್ನಿರೇ. ಆ ಕಾರಲ್ಲಿ ನಾನೂ ಇಪ್ಪತ್ತೈದು ವರ್ಷ ಕೂತಿದೀನಿ,” ಅಂದರು.

ಆ ಚಳಿಗಾಲ ನಾನು ಒಂದು ದಿನವೂ ಕಾರು ಹತ್ತಲಿಲ್ಲ. ಬೆರಳುಗಳು ಸುಮ್ಮನಾದವು. ಆಂಟಿ ಆ ಬಗ್ಗೆ ಮತ್ತೆ ಮಾತಾಡಲಿಲ್ಲ, ನಾನೂ ಎತ್ತಲಿಲ್ಲ. ಅವರು ಊರು ಬಿಡುವ ದಿನ ಧನ್ಯವಾದ ಹೇಳಬೇಕೆಂದುಕೊಂಡು, ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿಕೊಡುವುದರಲ್ಲೇ ಮುಗಿಸಿದೆ. ಇಂಥದರಲ್ಲಿ ನಾನು ಚುರುಕಲ್ಲ.

ಹಾಗಾಗಿ ಹೋದ ತಿಂಗಳು ಆಂಟಿ ಬೂಟು ಕೇಳಿದಾಗ ನಾನು ಅಂಕಿ ಹೇಳಿ ಫೋನ್ ಇಡಲಿಲ್ಲ.

“ಆಂಟಿ, ನನ್ನ ಸೈಜ್ ನಿಮಗೆ ಯಾಕೆ? ಸಂಜೆ, ಕಾಲು ಸ್ವಲ್ಪ ಊದಿರೋ ಹೊತ್ತಲ್ಲಿ, ದಪ್ಪ ಸಾಕ್ಸ್ ಹಾಕ್ಕೊಂಡು ಪೇಪರ್ ಮೇಲೆ ನಿಂತ್ಕೊಳ್ಳಿ. ಸುತ್ತ ಗೆರೆ ಎಳೆದು, ಸ್ಕೇಲಲ್ಲಿ ಅಳೆದು ಫೋಟೋ ಕಳಿಸಿ.”

“ಗೆರೆ ಎಳೆಯೋಕೆ ಬಗ್ಗಿದ್ರೆ ಕಾಲು ಅಲ್ಲಾಡುತ್ತೆ. ಇವರ ಕೈಲೇ ಎಳಿಸಬೇಕು.”

“ಎಳಿಸಿ.”

“ಯಾಕೆ ಅಂತ ಕೇಳ್ತಾರೆ.”

“ಕೇಳ್ಲಿ.”

ಫೋಟೋ ಬಂತು. ಗೆರೆ ಎಲ್ಲೂ ತಡವರಿಸದೆ, ಒಂದೇ ಏಟಿನಲ್ಲಿ ಎಳೆದಂತಿತ್ತು. ಹೆಬ್ಬೆರಳಿನ ಬಳಿ ಅಂಕಲ್ ಅವರ ಅಕ್ಷರದಲ್ಲಿ ಇಂಚು, ಸೆಂಟಿಮೀಟರು ಎರಡೂ ಬರೆದಿದ್ದವು. ಆಂಟಿಯ ಪಾದ ಮುಂದೆ ಅಗಲ. ಅವರಿಗೆ ಮಂಡಿ ನೋವೂ ಇದ್ದುದರಿಂದ ಬಗ್ಗಿ ಲೇಸು ಕಟ್ಟುವ ಬೂಟು ಆಗದು. ಪಟ್ಟಿ ಎಳೆದು ಅಂಟಿಸುವಂಥದು, ಚಪ್ಪಟೆ ಅಡಿಯದ್ದು, ಕಣಕಾಲು ಮುಚ್ಚುವಂಥದು ಬೇಕಿತ್ತು. ಒಂದು ಶನಿವಾರ ಆ ಪಾದವನ್ನು ಅದೇ ಅಳತೆಗೆ ಕಾಗದದ ಮೇಲೆ ಮತ್ತೆ ಬರೆದು, ಕತ್ತರಿಸಿಕೊಂಡು ಅಂಗಡಿಗೆ ಹೋದೆ. ಒಂದೊಂದೇ ಬೂಟಿನೊಳಗಿನ ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ಕಾಗದ ಇಟ್ಟು, ಸುತ್ತ ಎಷ್ಟು ಜಾಗ ಉಳಿಯುತ್ತದೆಂದು ನೋಡಿದೆ. ಅಮ್ಮನ ಹಾಗೆ ತುದಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದುದು ಆಮೇಲೆ ಗೊತ್ತಾಯಿತು. ಆರಿಸಿದ್ದನ್ನು ಅಲ್ಲಿಂದಲೇ ಜಾನ್ಸ್ ಕ್ರೀಕಿಗೆ ಕಳಿಸಿದೆ.

ಬೂಟು ತಲುಪಿದ ಸಂಜೆ ಆಂಟಿ ಫೋನ್ ಮಾಡಿದರು. “ಹಾಕ್ಕೊಂಡು ನೋಡಿದೆ. ಬೆರಳು ಅಲ್ಲಾಡಿಸಬಹುದು. ನಡುಮನೇಲೇ ಇಟ್ಟಿದೀನಿ. ನಾಳೆ ಚೆನ್ನಾಗಿ ಚಳಿ ಇದೆಯಂತೆ, ನಾಳೆನೇ ಹೊರಡ್ತೀನಿ.”

“ಸರಿ ಆಂಟಿ.”

“ಇನ್ನು ಚಳಿ ಹೆದರಿಕೆ ಇಲ್ಲ ಕಣೇ.” ಆಮೇಲೆ ಸೇರಿಸಿದರು: “ನಾನು ಹೊರಡೋ ಹೊತ್ತಿಗೆ ಸರಿಯಾಗಿ ಇವರು ಸ್ನಾನ ಮುಗಿಸಿ, ಕಾರ್ ಕೀ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಬೇಡ ಅಂದ್ರೆ ಮುಖ ಇಷ್ಟಾಗುತ್ತೆ. ಆ ಮುಖ ನೋಡಿದ್ರೆ ನಾನೇ ಹೋಗಿ ಕಾರಲ್ಲಿ ಕೂತ್ಬಿಡ್ತೀನೇನೋ.”

ಇದಕ್ಕೆ ಯಾವ ಅಂಗಡಿಯಲ್ಲೂ ಏನೂ ಸಿಗುವುದಿಲ್ಲ. ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಮಾತ್ರ ಕೇಳಿಕೊಂಡು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ನಾನು ಸೈಕಲ್ ಹತ್ತುವ ಹೊತ್ತು ಅದೇ ಆಗಿತ್ತು. ಹತ್ತಲಿಲ್ಲ. ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಪ್ರಕಾಶ್ ಅಂಕಲ್‌ಗೆ ಫೋನ್ ಮಾಡಿದೆ. ಅವರಿಗೆ ನಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

“ಏನಮ್ಮಾ, ಎಲ್ಲ ಆರಾಮಾ? ಇಷ್ಟು ಬೆಳಿಗ್ಗೆ?”

“ಆರಾಮು ಅಂಕಲ್. ನಿಮ್ಮ ಹತ್ರ ಒಂದು ಕೇಳಬೇಕಿತ್ತು. ಕಾರ್ ತಗೊಳ್ಳೋದಾದ್ರೆ ಯಾವುದು ತಗೋಬೇಕು? ನಂಗೆ ಒಂದೂ ಗೊತ್ತಾಗಲ್ಲ.”

ಆ ಕಡೆ ಕುರ್ಚಿ ಎಳೆದ ಸದ್ದು, ಮೇಜಿನ ಮೇಲೆ ಕೀಗೊಂಚಲು ಇಟ್ಟ ಸದ್ದು.

“ಹೊಸದೋ, ಯೂಸ್ಡೋ? ಮೊದಲು ಅದು ಹೇಳು. ದಿನಕ್ಕೆ ಎಷ್ಟು ಮೈಲಿ? ಪಾರ್ಕಿಂಗ್ ಕವರ್ಡ್ ಇದೆಯಾ? ಇನ್ಶೂರೆನ್ಸ್ ವಿಚಾರಿಸಿದ್ಯಾ?”

ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಅವರ ದನಿಯ ಹಿಂದೆ ಎಲ್ಲೋ ಗರಾಜಿನ ಬಾಗಿಲು ಗುರುಗುರು ಎಂದು ಮೇಲೇರತೊಡಗಿತು.

“ಒಂದ್ನಿಮಿಷ ಇರಮ್ಮಾ, ವಿಮಲಾ ಹೊರಟ್ಲು ಅನ್ಸುತ್ತೆ...”

“ಅಂಕಲ್, ಹೈಬ್ರಿಡ್ ಒಳ್ಳೇದಾ?” ಎಂದು ಕೇಳಿದೆ.

“ಹೈಬ್ರಿಡ್ಡಾ?” ಅಂದರು ಅಂಕಲ್. ಕುರ್ಚಿ ಮತ್ತೆ ಸದ್ದು ಮಾಡಿತು. “ನೋಡು, ಕೂತ್ಕೊಂಡು ಕೇಳು.”