ಮಾವನವರಿಗೆ ಕಾಲುವೆ ಆರಿಸಿದ್ದು

ನಮ್ಮ ಮನೆಯ ಪ್ರವಾಸಗಳಿಗೆ ಒಂದು ಅಲಿಖಿತ ಸಂವಿಧಾನವಿತ್ತು. ಮೊದಲನೆಯ ವಿಧಿ: ಬೆಳಿಗ್ಗೆ ಐದಕ್ಕೆ ವ್ಯಾನು ಚಿಕಾಗೋ ಪಕ್ಕದ ನಮ್ಮ ಡೌನರ್ಸ್ ಗ್ರೋವ್ ಬಿಡತಕ್ಕದ್ದು. ಎರಡನೆಯದು: ಇಂಡಿಯಾನಾ ಗಡಿ ದಾಟುವವರೆಗೆ ಪುಳಿಯೋಗರೆಯ ಡಬ್ಬಿ ತೆರೆಯತಕ್ಕದ್ದಲ್ಲ. ಮೂರನೆಯದು: ಎಂಥ ಜಲಪಾತವಾದರೂ ಮುಕ್ಕಾಲು ಗಂಟೆಗಿಂತ ಹೆಚ್ಚು ನೋಡತಕ್ಕದ್ದಲ್ಲ, ಏಕೆಂದರೆ ಮುಂದೆ ಇನ್ನೂ ಕವರ್ ಮಾಡುವುದಿರುತ್ತದೆ. ಈ ಸಂವಿಧಾನದ ಇನ್ನೊಬ್ಬ ಕರ್ತೃ ಡೆಟ್ರಾಯಿಟ್ ಕಡೆಯ ವಿಕ್ಸಮ್‌ನಲ್ಲಿದ್ದ ನನ್ನ ಗೆಳೆಯ. ಹರಿಹರದ ಸಾಬರ ಮನೆತನದವನು, ಕಾರಿನ ಬಿಡಿಭಾಗ ಮಾಡುವ ಸಣ್ಣ ಶಾಪು ಇಟ್ಟುಕೊಂಡಿದ್ದ. ವರ್ಷಕ್ಕೊಮ್ಮೆ ನಮ್ಮೆರಡು ಕುಟುಂಬಗಳು ಒಟ್ಟಾಗಿ ಅಮೆರಿಕವನ್ನು ಗಂಟೆಗೆ ಎಪ್ಪತ್ತು ಮೈಲಿ ವೇಗದಲ್ಲಿ ನೋಡುತ್ತಿದ್ದೆವು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿರಬೇಕು, ಈ ಸಂವಿಧಾನಕ್ಕೆ ತಿದ್ದುಪಡಿ ತರಬೇಕಾಗಿ ಬಂತು. ಕಾರಣ ನನ್ನ ಮಾವನವರ ಕಣ್ಣು.

ಮಾವ ಮಂಡ್ಯದ ಕಡೆ ನೀರಾವರಿ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ನಾಲೆ ಕಾಯ್ದವರು. ಯಾವ ತೂಬನ್ನು ಎಷ್ಟು ಅಂಗುಲ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎನ್ನುವುದು ಅವರ ಬೆರಳ ತುದಿಯಲ್ಲಿತ್ತು. ಆ ವಸಂತದಲ್ಲಿ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಾಗ ಅವರಿಗೆ ಗ್ಲಾಕೋಮಾ. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದು ಮೈಸೂರಿನ ಡಾಕ್ಟರು ಕೈಚೆಲ್ಲಿದ್ದರು. ಅಕ್ಕಪಕ್ಕ ಕಾಣದು, ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತದೆ.

"ತೂಬ್ ಒಳಗಿಂದ ನೋಡ್ದಂಗೆ ಕಣವ್ವ," ಎಂದು ಮಗಳಿಗೆ ವಿವರಿಸಿದರು. "ಬೆಳಕೇನೋ ಅದೆ. ಸುತ್ತ ಪೈಪು."

ಕಣ್ಣು ಇರುವಾಗಲೇ ಅಪ್ಪನಿಗೆ ಏನಾದರೂ ಒಂದು ತೋರಿಸಬೇಕೆಂದು ನನ್ನ ಹೆಂಡತಿ ಹಟ ಹಿಡಿದಳು. ಏನು ತೋರಿಸುವುದು? ಮಾವನವರನ್ನೇ ಕೇಳಿದೆ.

"ನಿಮ್ ಇಷ್ಟ ಬಿಡಿ ಅಳಿಯಂದ್ರೇ," ಎಂದರು. "ಎಲ್ಲಾದ್ರೂ ಸರಿ."

ಹೆಣ್ಣು ಕೊಟ್ಟ ಮನೆಯಲ್ಲಿ ಬಾಯಿಬಿಟ್ಟು ಏನನ್ನೂ ಕೇಳಬಾರದು ಎಂಬುದು ಅವರ ಕಾಲದವರ ಕಟ್ಟಳೆ. ಮಜ್ಜಿಗೆಗೆ ಉಪ್ಪು ಕಡಿಮೆಯಾದರೂ ಅವರು ಕೇಳಿದವರಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರ ಮಾತನ್ನು ಅಕ್ಷರಶಃ ನಂಬಿದೆ. ಅಳಿಯಂದಿರಿಗೆ ಇದರಿಂದ ತುಂಬ ಅನುಕೂಲವಾಗುತ್ತದೆ.

ನ್ಯೂಯಾರ್ಕ್ ರಾಜ್ಯದ ಈರಿ ಕಾಲುವೆಯಲ್ಲಿ ಸಪೂರವಾದ, ಉದ್ದನೆಯ ಮನೆದೋಣಿ ಬಾಡಿಗೆಗೆ ಸಿಗುತ್ತದೆ, ಒಳಗೇ ಅಡುಗೆ, ಒಳಗೇ ನಿದ್ದೆ, ನಾವೇ ನಡೆಸಬಹುದು ಎಂದು ಲಿಸ್ಲ್‌ನ ನನ್ನ ಆಫೀಸಿನಲ್ಲಿ ಯಾರೋ ಹೇಳಿದರು. ನಾಲೆಯ ಮನುಷ್ಯರಿಗೆ ನಾಲೆ. ಇದಕ್ಕಿಂತ ಯೋಗ್ಯವಾದುದಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಊಟದ ಮೇಜಿನ ಮೇಲೆ ನಕ್ಷೆ ಹರಡಿ, ನಾಲ್ಕು ಮೂಲೆಗೂ ಉಪ್ಪಿನಕಾಯಿ ಜಾಡಿಗಳನ್ನಿಟ್ಟು, ಸ್ಪೀಕರ್ ಫೋನಿನಲ್ಲಿ ವಿಕ್ಸಮ್ ಜೊತೆ ದುಂಡುಮೇಜಿನ ಸಭೆ ನಡೆಸಿದೆವು.

"ನಾಲ್ಕು ದಿನ ಅಂದ್ರೆ ಒಂದು ನಾನೂರು ಮೈಲಿ ಹೊಡೀಬೋದಲ್ರೀ?" ಎಂದ ಗೆಳೆಯ.

"ದೋಣಿ ಗಂಟೆಗೆ ಐದು ಮೈಲಿ ಹೋಗತ್ತಂತೆ."

"ಐದಾ? ಅದಕ್ಕಿಂತ ನಮ್ಮ ಅತ್ತೆ ಮಾಲ್‌ನಾಗೆ ಜೋರಾಗಿ ನಡೀತಾರೆ. ಎಕ್ಸಿಟ್ ಪಾಡೇನು?"

"ಎಕ್ಸಿಟ್ ಇಲ್ಲ. ಎಲ್ಲಿ ಬೇಕಾದ್ರೂ ಕಟ್ಟಿ ನಿಲ್ಲಿಸಬಹುದು."

"ಹಂಗಿದ್ರೆ ಕವರ್ ಮಾಡೋದು ಏನನ್ನ ಸ್ವಾಮಿ?"

ನಾನು ಮತ್ತೆ ನಕ್ಷೆಯ ಮೇಲೆ ಬಗ್ಗಿದೆ.

ಆ ಕಾಲುವೆಯಲ್ಲಿ ಅಲ್ಲಲ್ಲಿ ಲಾಕ್‌ಗಳಿದ್ದವು. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ನೀರಿನ ಕೋಣೆ. ದೋಣಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿ ನೀರು ತುಂಬುತ್ತಾರೆ. ದೋಣಿ ಮೇಲಿನ ಮಟ್ಟಕ್ಕೆ ಏರುತ್ತದೆ. ಹಗ್ಗ ಹಿಡಿಯಬೇಕು, ಗೋಡೆಗೆ ತಾಗದಂತೆ ತಳ್ಳಬೇಕು. ಕಣ್ಣು ಕಾಣದ ಹಿರಿಯರನ್ನು ಕರೆದುಕೊಂಡು ಯಾಕೆ ಬೇಕು ಈ ರಗಳೆ ಎಂದು ನಾನು ಲಾಕೇ ಇಲ್ಲದ ದಾರಿ ಹುಡುಕಿದೆ. ಸಿಕ್ಕಿತು. ಪಶ್ಚಿಮಕ್ಕೆ ಮೈಲಿಗಟ್ಟಲೆ ಒಂದೇ ಮಟ್ಟ. ಅದರ ಕೊನೆಯಲ್ಲಿ ಮಾತ್ರ ಗುಡ್ಡ ಹತ್ತಲು ಒಂದರ ಬೆನ್ನಿಗೊಂದು ಎರಡು ದೊಡ್ಡ ಲಾಕ್‌ಗಳು. ಅದಕ್ಕೆ ಎಂಟು ಮೈಲಿ ಹಿಂದೆಯೇ ದೋಣಿ ತಿರುಗಿಸುವುದೆಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ.

ಮಾವ ಭೂತಗನ್ನಡಿ ಹಿಡಿದು ಆ ಗೆರೆಯನ್ನು ಉದ್ದಕ್ಕೂ ನೋಡಿದರು. ಗೆರೆ ಮುಗಿದ ಮೇಲೂ ಭೂತಗನ್ನಡಿ ಸ್ವಲ್ಪ ದೂರ ಮುಂದೆ ಹೋಯಿತು. ಆಮೇಲೆ ಅದನ್ನು ಮಡಚಿ ಜೇಬಿಗಿಟ್ಟು, "ಸಂದಾಗದೆ ಅಳಿಯಂದ್ರೇ," ಎಂದರು.

ಮುಂದಿನ ಭಾನುವಾರ ಪೂರ್ವಾಭ್ಯಾಸಕ್ಕೆಂದು ಅವರನ್ನು ನಮ್ಮ ಮನೆಯಿಂದ ಇಪ್ಪತ್ತು ಮೈಲಿ ದೂರದ ಹಳೆಯ ಕಾಲುವೆಗೆ ಕರೆದುಕೊಂಡು ಹೋದೆವು. ಚಿಕಾಗೋವನ್ನು ಪಶ್ಚಿಮದ ನದಿಗಳಿಗೆ ಜೋಡಿಸಲು ಒಂದೂವರೆ ಶತಮಾನದ ಹಿಂದೆ ಕೈಯಲ್ಲೇ ತೋಡಿದ ಕಾಲುವೆ ಅದು. ಈಗ ಅಲ್ಲಿ ಒಂದು ಲಾಕಿನ ಕಲ್ಲುಗೋಡೆಗಳಷ್ಟೇ ನಿಂತಿವೆ. ಬಾಗಿಲಿಲ್ಲ, ನೀರಿಲ್ಲ, ತಳದಲ್ಲಿ ಹುಲ್ಲು. ಮಾವ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಲ್ಲನ್ನು ತಡವಿದರು. ಬೆರಳು ಒಂದು ಗೀರಿನ ಮೇಲೆ ನಿಂತಿತು.

"ಹಗ್ಗ ಉಜ್ಜಿರೋದು," ಎಂದರು. "ಬಾಗ್ಲು ಕೂರೋ ಕಚ್ಚು ಇಲ್ಲದೆ. ನೀರು ಎಲ್ಲಿಂದ ಬಿಡ್ತಿದ್ರು? ಕೆಳಗಿಂದ್ಲೋ ಬಾಗ್ಲಿಂದ್ಲೋ? ದೋಣಿ ಅಳ್ಳಾಡ್ತಿರಲಿಲ್ವಾ?"

ಮಾತು ತೇಲಿಸಲು, ಅಲ್ಲೇ ಆಚೆ ಕಾಣುತ್ತಿದ್ದ ದೊಡ್ಡ ಕಾಲುವೆಯನ್ನು ತೋರಿಸಿದೆ. ಚಿಕಾಗೋ ನದಿ ಮೊದಲು ಸರೋವರಕ್ಕೆ ಹರಿಯುತ್ತಿತ್ತು, ಊರಿನ ಕೊಳೆಯೆಲ್ಲ ಕುಡಿಯುವ ನೀರಿಗೆ ಸೇರುತ್ತದೆಂದು ಆ ಕಾಲುವೆ ತೋಡಿ ನದಿಯನ್ನೇ ಹಿಂದುಮುಂದಾಗಿ ತಿರುಗಿಸಿದರು ಎಂದೆ.

ಮಾವ ಎದ್ದು ನಿಂತರು. "ನದೀನ?"

"ಹೌದು ಮಾವ. ಈಗ ಸರೋವರದ ಕಡೆಯಿಂದ ಈ ಕಡೆಗೇ ಹರಿಯತ್ತೆ."

ಅವರು ಬಗ್ಗಿ, ನಾವು ಕೊಡಿಸಿದ್ದ ಬಿಳೀ ಶೂಗಳ ಲೇಸು ಬಿಚ್ಚಿ, ಎರಡನ್ನೂ ಪಕ್ಕಕ್ಕಿಟ್ಟು, ಕಾಲುಚೀಲದಲ್ಲೇ ಆ ಕಾಲುವೆಯ ದಿಕ್ಕಿಗೆ ಕೈ ಮುಗಿದರು. ಆಮೇಲೆ ಕೆಲಸದ ಪ್ರಶ್ನೆ ಕೇಳಿದರು.

"ಕೆಳಗಿನ ರಾಜ್ಯದೋರು ಕೇಸ್ ಹಾಕ್ಲಿಲ್ವಾ?"

"ಹಾಕಿದ್ರಂತೆ."

"ಹಂಗಾದ್ರೆ ನಮ್ಮಂಗೇ ಮನುಸ್ರೇ," ಎಂದರು, ತುಸು ನೆಮ್ಮದಿಯಿಂದ.

ಮನೆಗೆ ವಾಪಸಾಗುವಾಗ ಹದಿಮೂರು ವರ್ಷದ ನನ್ನ ಮಗಳು ಹಿಂದಿನ ಸೀಟಿನಿಂದ ಹೇಳಿದಳು. "ಡ್ಯಾಡ್, ಹೀ ವಾಂಟ್ಸ್ ದ ಲಾಕ್ಸ್."

"ತಾತ ಏನೂ ಹೇಳಲಿಲ್ವಲ್ಲ."

"ಎಕ್ಸಾಕ್ಟ್ಲಿ," ಎಂದಳು.

ಆ ಮಾತಿಗೆ ಹೆಂಡತಿ ತನ್ನದನ್ನೂ ಸೇರಿಸಿದಳು. "ರೀ, ಅಪ್ಪ ಮೂವತ್ತು ವರ್ಷ ನೀರು ಇಳಿಯೋದನ್ನೇ ನೋಡಿದಾರೆ. ಏರೋದನ್ನ ನೋಡೋಕೆ ಅಂತ ಇಷ್ಟು ದೂರ ಬಂದು, ಎಂಟು ಮೈಲಿ ಹಿಂದೆ ನೀವು ಯು-ಟರ್ನ್ ಹೊಡೆಸ್ತೀರಾ?" ಮಾವ ಮುಂದಿನ ಸೀಟಿನಲ್ಲಿ ಕಿವಿ ಕೇಳದವರಂತೆ ಕೂತಿದ್ದರು. ಅವರ ಕಿವಿಗೆ ಯಾವ ದೋಷವೂ ಇರಲಿಲ್ಲ.

ಕೆಂಪು ಗೆರೆಯನ್ನು ಲಾಕ್‌ಗಳನ್ನು ದಾಟಿಸಿ ಬೆಳೆಸಿದೆ.

ಜೂನ್ ಕೊನೆಯಲ್ಲಿ ಎರಡೂ ಕುಟುಂಬಗಳು ಹೊರಟೆವು. ದೋಣಿ ಹತ್ತುವ ತನಕ ಹಳೆಯ ಸಂವಿಧಾನ ಜಾರಿಯಲ್ಲಿತ್ತು. ಹತ್ತಿದ ಮೇಲೆ ತಾನಾಗಿ ರದ್ದಾಯಿತು. ಗಂಟೆಗೆ ಐದು ಮೈಲಿಯಲ್ಲಿ ಹಸುವೊಂದು ಮೆಲುಕು ಹಾಕುವುದು ಪೂರ್ತಿಯಾಗಿ ಕಾಣುತ್ತದೆ. ಗೆಳೆಯ ಚುಕ್ಕಾಣಿ ಹಿಡಿದು ಮೊದಲ ದಿನ ನಿಟ್ಟುಸಿರು ಬಿಟ್ಟ, ಎರಡನೆಯ ದಿನ ಹಾಡು ಗುನುಗಿದ. ಕುಕ್ಕರ್ ಕೂಗಿದಾಗಲೆಲ್ಲ ದಡದ ಮೇಲೆ ಸೈಕಲ್ಲಿನವರು ತಿರುಗಿ ನೋಡುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಲಾಕಿನ ಊರು ಬಂತು. ಬಾಗಿಲು ತೆರೆಯಿರಿ ಎಂದು ಕೇಳಲು ಮೂರು ಸಲ ಹಾರನ್ ಊದಬೇಕು. ಗೆಳೆಯ ಹಾರನ್ನನ್ನು ಮಾವನವರ ಕೈಗಿಟ್ಟ. "ಯಜಮಾನ್ರೇ, ಇದು ನಿಮ್ಮ ಡಿಪಾರ್ಟ್‌ಮೆಂಟು." ಮಾವ ಗಂಟಲು ಸರಿಮಾಡಿಕೊಂಡು ಊದಿದರು.

ಬಾಗಿಲು ತೆರೆಯಿತು. ಒಳಗೆ ಹೋದೆವು. ಎರಡೂ ಕಡೆ ಎರಡು ಮಹಡಿ ಎತ್ತರದ ಒದ್ದೆ ಗೋಡೆ, ತಂಪು, ಮೇಲೆ ಒಂದು ಪಟ್ಟಿ ಆಕಾಶ. ಹಿಂದೆ ಬಾಗಿಲು ಮುಚ್ಚಿಕೊಂಡಿತು. ನನಗೆ ಬಾವಿಯ ತಳದಲ್ಲಿ ಕೂತಂತಾಯಿತು. ಮಾವ ಒಂದು ಕೈಯಲ್ಲಿ ಗೋಡೆಯ ಹಗ್ಗ ಹಿಡಿದು, ಇನ್ನೊಂದು ಅಂಗೈಯನ್ನು ಗೋಡೆಗೆ ಒತ್ತಿ ನಿಂತಿದ್ದರು. ಸದ್ದಿಲ್ಲದೆ ನೀರು ಏರತೊಡಗಿತು. ಅಷ್ಟು ಭಾರದ ದೋಣಿ, ಏಳು ಜನ, ಅಕ್ಕಿ ಚೀಲ, ಕುಕ್ಕರ್ ಸಮೇತ, ಯಾರೂ ಎತ್ತದೆ ಮೇಲಕ್ಕೆ ಹೋಗುತ್ತಿತ್ತು. ಅವರ ಅಂಗೈ ಕೆಳಗೆ ಗೋಡೆ ಜಾರುತ್ತಿತ್ತು.

"ಕಾಣ್ತಾ ಇದೆಯಾ ಅಪ್ಪ?" ಎಂದಳು ನನ್ನ ಹೆಂಡತಿ.

"ಎಲ್ಲಾ ಕಾಣ್ತದೆ ಕಣವ್ವ," ಎಂದರು, ನೇರ ಎದುರಿನ ಬಾಗಿಲಿನಿಂದ ಕಣ್ಣು ತೆಗೆಯದೆ. "ಅಕ್ಕಪಕ್ಕ ಬರೀ ಗೋಡೆ, ನೋಡೋದೆಲ್ಲ ಎದುರ್ಗೇ. ನನ್ ಕಣ್ಣಿನ ಅಳತೆ ತಗೊಂಡೇ ಕಟ್ಟವ್ರೆ."

ಎರಡನೆಯ ಲಾಕೂ ಮುಗಿದು ಮೇಲಿನ ಬಾಗಿಲು ತೆರೆದಾಗ ಇಡೀ ಕಾಲುವೆ ಬಿಸಿಲಿನಲ್ಲಿ ನಮ್ಮ ಮುಖದ ಮಟ್ಟಕ್ಕೆ ಬಂದು ನಿಂತಿತ್ತು. ಕಟ್ಟೆಯ ಮೇಲೆ ಲಾಕ್ ನೋಡಿಕೊಳ್ಳುವ ನಡುವಯಸ್ಸಿನ ಮನುಷ್ಯ ನಿಂತಿದ್ದ. ಮಾವ ಅವನಿಗೆ ಸೆಲ್ಯೂಟ್ ಹೊಡೆದರು, ಇಲಾಖೆಯವರು ಇಲಾಖೆಯವರಿಗೆ ಹೊಡೆಯುವ ರೀತಿಯಲ್ಲಿ. ಅವನು ಒಂದು ಕ್ಷಣ ನೋಡಿ, ಟೋಪಿ ಸರಿಮಾಡಿಕೊಂಡು, ಅಷ್ಟೇ ಗಂಭೀರವಾಗಿ ವಾಪಸು ಹೊಡೆದ.

ದೋಣಿ ಸ್ವಲ್ಪ ದೂರ ಹೋದ ಮೇಲೆ ಮಾವ ನನ್ನ ಹತ್ತಿರ ಬಂದು ತೋಳು ಹಿಡಿದುಕೊಂಡರು.

"ಅಳಿಯಂದ್ರೇ, ಒಂದ್ ಕೇಳ್ಲಾ?"

ಮದುವೆಯಾಗಿ ಹದಿನಾರು ವರ್ಷದಲ್ಲಿ ಈ ಮಾತನ್ನು ನಾನು ಕೇಳಿರಲಿಲ್ಲ. ಎಂಜಿನ್ ಸದ್ದು ಕಡಿಮೆ ಮಾಡುವಂತೆ ಗೆಳೆಯನಿಗೆ ಸನ್ನೆ ಮಾಡಿದೆ.

"ಕೇಳಿ ಮಾವ."

"ಇದ್ರಾಗೇ ಇನ್ನೊಂದ್ಸಲ ಕರ್ಕೊಂಡ್ ಹೋಗ್ತೀರಾ? ಇಳಿಯೋದ್ನೂ ನೋಡ್ಬೇಕು."

ಹೇಗಿದ್ದರೂ ಮಾರನೆಯ ದಿನ ಅದೇ ದಾರಿಯಲ್ಲಿ ವಾಪಸಾಗಬೇಕಿತ್ತು. ಕಾಲುವೆಯಲ್ಲಿ ಬೇರೆ ದಾರಿಯಿಲ್ಲ. ಅದನ್ನು ನಾನು ಹೇಳಲಿಲ್ಲ. ನಕ್ಷೆ ಬಿಚ್ಚಿ, ಬಹಳ ಹೊತ್ತು ಯೋಚಿಸಿದಂತೆ ಮಾಡಿ, "ಆಗಲಿ ಮಾವ, ವ್ಯವಸ್ಥೆ ಮಾಡೋಣ," ಎಂದೆ.